ಲೆಕ್ಕ ಕೇಳಿದ ವಿದ್ವಾಂಸ

ಮೊಹರಂ ಹಬ್ಬದ ಮೇಲೆ ಬರೆದಾಗಲೆಲ್ಲ ಓದುಗರಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಅಲಾಯಿ ಕುಣಿ, ಹೆಜ್ಜೆ ಮೇಳ, ರಿವಾಯತ್ ಪದಗಳ ಬಗ್ಗೆ ಓದಿ ಖುಷಿಪಟ್ಟವರೇ ಅದನ್ನು ಕೇಳುತ್ತಾರೆ. ನಮ್ಮ ಚಿಕ್ಕನರಗುಂದದಲ್ಲಿ ಓಣಿಯ ಹಿರಿಯ ಮಾಸ್ತರರೊಬ್ಬರು ಅದನ್ನೇ ಮುಚ್ಚುಮರೆಯಿಲ್ಲದೆ ಕೇಳಿದರು: "ಅಲ್ರೀ, ನಮ್ಮೊಳಗ ಬಸವಣ್ಣ ಆಗಿಹೋದ್ರು, ಫುಲೆ ಬಂದ್ರು, ಅಂಬೇಡ್ಕರ್ ಬಂದ್ರು. ಸಾಬರೊಳಗ ಹಂಗ ಎದ್ದು ನಿಂತು ಕೇಳಾವ್ರು ಯಾಕ ಹುಟ್ಟಲಿಲ್ಲ?" ಕೇಳಿದ್ದರಲ್ಲಿ ಕುಹಕವಿರಲಿಲ್ಲ. ಪಕ್ಕದ ಮನೆಯ ಮುಸ್ಲಿಂ ಹುಡುಗರಿಗೆ ಪುಕ್ಕಟೆ ಗಣಿತ ಹೇಳಿಕೊಟ್ಟವರು ಅವರು. ಹುಟ್ಟಿದ್ದಾರೆ ಸರ್, ನಮ್ಮ ಕಿವಿಗೆ ಬಿದ್ದಿಲ್ಲ ಅಷ್ಟೆ ಎಂದೆ. ಯಾರು ಎಂದರು. ಈ ವಾರದ ಬರಹ ಅದಕ್ಕೆ ಉತ್ತರ.

ಅವರ ಹೆಸರು ಅಸ್ಗರ್ ಅಲಿ ಇಂಜಿನಿಯರ್. 1939ರ ಮಾರ್ಚ್ 10ರಂದು ರಾಜಸ್ಥಾನದ ಉದಯಪುರ ಸೀಮೆಯ ಸಲುಂಬರ್ ಎಂಬಲ್ಲಿ ದಾವೂದಿ ಬೊಹ್ರಾ ಮನೆತನದಲ್ಲಿ ಹುಟ್ಟಿದರು. ತಂದೆ ಶೇಖ್ ಕುರ್ಬಾನ್ ಹುಸೇನ್ ಬೊಹ್ರಾ ಸಮುದಾಯದ ಧರ್ಮಗುರುಗಳಲ್ಲೊಬ್ಬರು. ಮಗನಿಗೆ ಅರಬ್ಬಿ ಭಾಷೆ, ಕುರಾನ್ ವ್ಯಾಖ್ಯಾನ, ಹದೀಸ್, ಧರ್ಮಶಾಸ್ತ್ರ ಎಲ್ಲವನ್ನೂ ಮನೆಯಲ್ಲೇ ಕಲಿಸಿದರು. ಅದರ ಜೊತೆಗೆ ಶಾಲೆ, ಕಾಲೇಜು. ಉಜ್ಜಯಿನಿಯ ವಿಕ್ರಮ ವಿಶ್ವವಿದ್ಯಾಲಯದಿಂದ ಸಿವಿಲ್ ಇಂಜಿನಿಯರಿಂಗ್ ಪದವಿ ಪಡೆದು ಮುಂಬೈ ಮಹಾನಗರ ಪಾಲಿಕೆಯಲ್ಲಿ ಹತ್ತಿರ ಹತ್ತಿರ 20 ವರ್ಷ ನೌಕರಿ ಮಾಡಿದರು. ಓದಿದ ವಿದ್ಯೆಯೇ ಹೆಸರಿನ ಕೊನೆಗೆ ಅಂಟಿಕೊಂಡಿತು. ಆಮೇಲೆ ತಾವಾಗಿಯೇ ನಿವೃತ್ತಿ ಪಡೆದು ಉಳಿದ ಆಯುಷ್ಯವನ್ನೆಲ್ಲ ಓದು, ಬರಹ, ಸುತ್ತಾಟಕ್ಕೆ ಕೊಟ್ಟುಬಿಟ್ಟರು. ಬರೆದ, ಸಂಪಾದಿಸಿದ ಪುಸ್ತಕಗಳು 50ಕ್ಕೂ ಹೆಚ್ಚು.

ಬೊಹ್ರಾ ಜನ ನಮ್ಮ ಹಳ್ಳಿಗಳ ಕಡೆ ಕಾಣಸಿಗುವುದು ಅಪರೂಪ. ದೊಡ್ಡ ಊರುಗಳ ಪೇಟೆಯಲ್ಲಿ ಜರಿ ಅಂಚಿನ ಬಿಳಿ ಟೊಪ್ಪಿಗೆ ತೊಟ್ಟು ಹಾರ್ಡ್‌ವೇರ್, ಗಾಜಿನ ಅಂಗಡಿ ನಡೆಸುವವರನ್ನು, ಬಣ್ಣಬಣ್ಣದ ರಿದಾ ತೊಟ್ಟ ಹೆಣ್ಣುಮಕ್ಕಳನ್ನು ನೋಡಿರುತ್ತೀರಿ. ಗುಜರಾತ್ ಮೂಲದ ವ್ಯಾಪಾರಸ್ಥರು, ಶಿಯಾ ಇಸ್ಮಾಯಿಲಿ ಪಂಥದವರು. ಅವರ ನಂಬಿಕೆಯ ಪ್ರಕಾರ ಇಮಾಮರು ಶತಮಾನಗಳಿಂದ ಮರೆಯಲ್ಲಿದ್ದಾರೆ. ಅವರ ಪರವಾಗಿ ಸಮುದಾಯವನ್ನು ನಡೆಸುವವರು ದಾಯಿ, ಸಯ್ಯದ್ನಾ ಎಂದು ಕರೆಯಿಸಿಕೊಳ್ಳುವ ಗುರುಗಳು. ಪ್ರಾಯಕ್ಕೆ ಬಂದ ಪ್ರತಿಯೊಬ್ಬ ಬೊಹ್ರಾ ಅವರಿಗೆ ನಿಷ್ಠೆಯ ಪ್ರಮಾಣ ಮಾಡಬೇಕು, ಅದು ಮಿಸಾಕ್. ನಿಕಾಹ್ ಆಗಲಿ, ಮಣ್ಣು ಮಾಡುವುದಾಗಲಿ ಗುರುಪೀಠದ ಅಪ್ಪಣೆ ಬೇಕು, ಅದು ರಜಾ. ಮೇಲಿನಿಂದ ಕೆಳಗಿನವರೆಗೆ ಹಲವು ಬಗೆಯ ಕಾಣಿಕೆ, ತೆರಿಗೆ.

ಅಸ್ಗರ್ ಅಲಿ ಮತ್ತು ಅವರ ಜೊತೆಯವರು ಗುರುವಿನ ಧಾರ್ಮಿಕ ಸ್ಥಾನವನ್ನು ಅಲ್ಲಗಳೆಯಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಸುಧಾರಕ ಎಂದ ಕೂಡಲೇ ದೇವರನ್ನು ಬಿಟ್ಟವನು ಎಂದು ತಿಳಿಯುವ ರೂಢಿ ನಮ್ಮಲ್ಲಿದೆ. ಅವರು ಕೇಳಿದ್ದು ಇಷ್ಟು: ಜಮಾತಿನ ಹಣಕ್ಕೆ ಲೆಕ್ಕ ಕೊಡಿ, ನಮ್ಮ ವ್ಯಾಪಾರ, ಓಟು, ಶಾಲೆ, ಸಂಘಗಳಲ್ಲಿ ಕೈಹಾಕಬೇಡಿ, ಪ್ರಶ್ನೆ ಕೇಳಿದವರನ್ನು ಕುಲದಿಂದ ಹೊರಗೆ ಹಾಕಬೇಡಿ. 1970ರಲ್ಲಿ ಉದಯಪುರ ನಗರಸಭೆಯ ಚುನಾವಣೆಯಲ್ಲಿ ಬೊಹ್ರಾ ಯುವಕರು ಗುರುಪೀಠ ಒಪ್ಪಿದ ಅಭ್ಯರ್ಥಿಗಳ ಎದುರು ತಮ್ಮವರನ್ನು ನಿಲ್ಲಿಸಿ ಗೆದ್ದರು. ಜಗಳ ಬೆಳೆದು 1972ರ ಹೊತ್ತಿಗೆ ಅಲ್ಲಿಯ ಸಮುದಾಯ ಎರಡಾಯಿತು. ಮುಂಬೈಯಲ್ಲಿದ್ದ ಅಸ್ಗರ್ ಅಲಿ ಇಂಗ್ಲಿಷ್ ಪತ್ರಿಕೆಗಳಲ್ಲಿ ಉದಯಪುರದವರ ಪರವಾಗಿ ಬರೆಯತೊಡಗಿದರು. 1977ರಲ್ಲಿ ಉದಯಪುರದಲ್ಲೇ ಸುಧಾರಣಾವಾದಿ ಬೊಹ್ರಾಗಳ ಮೊದಲ ಸಮ್ಮೇಳನ ನಡೆದಾಗ ಅವರನ್ನೇ ಪ್ರಧಾನ ಕಾರ್ಯದರ್ಶಿಯಾಗಿ ಆರಿಸಿದರು.

ಅಲ್ಲಿಂದ ಮುಂದೆ ಅವರ ಮೇಲೆ ಬಿದ್ದದ್ದು ಬಹಿಷ್ಕಾರ. ಬೊಹ್ರಾಗಳಲ್ಲಿ ಅದಕ್ಕೆ ಬರಾತ್ ಎನ್ನುತ್ತಾರೆ. ನಮ್ಮ ಓದುಗರಿಗೆ ಇದನ್ನು ಬಹಳ ವಿವರಿಸಬೇಕಿಲ್ಲ. ಊರಿನವರು ಒಂದು ಮನೆಯನ್ನು ಹೊರಗಿಟ್ಟರೆ ಹಿಟ್ಟಿನ ಗಿರಣಿಯವನು ಜೋಳ ಬೀಸಿಕೊಡುವುದಿಲ್ಲ, ಕಿರಾಣಿ ಅಂಗಡಿಯವನು ಉದ್ರಿ ಇರಲಿ ರೊಕ್ಕಕ್ಕೂ ಸಾಮಾನು ಕೊಡುವುದಿಲ್ಲ, ಕ್ಷೌರಕ್ಕೆ ಕೂತವನನ್ನು ಎಬ್ಬಿಸಿ ಕಳಿಸುತ್ತಾರೆ. ಬರಾತಿನಲ್ಲಿ ಇದರ ಏಟು ಮನೆಯೊಳಕ್ಕೇ ಇಳಿಯುತ್ತದೆ. ಹೊರಹಾಕಿದವನ ಜೊತೆ ತಾಯಿ ಮಾತಾಡಿದರೆ ತಾಯಿಯೂ ಹೊರಗೆ, ಹೆಂಡತಿ ಬಿಟ್ಟುಬರದಿದ್ದರೆ ಹೆಂಡತಿಯೂ ಹೊರಗೆ. ಪಾಲುದಾರಿಕೆಯ ಅಂಗಡಿ ಒಡೆಯುತ್ತದೆ, ನಿಶ್ಚಯವಾದ ಮದುವೆ ಮುರಿಯುತ್ತದೆ, ಸತ್ತರೆ ಸಮುದಾಯದ ಖಬರಸ್ಥಾನದಲ್ಲಿ ಮೂರಡಿ ಆರಡಿ ಜಾಗಕ್ಕೂ ತಕರಾರು. ಇಂಥ ದೂರುಗಳನ್ನು ವಿಚಾರಿಸಲು ಜಯಪ್ರಕಾಶ್ ನಾರಾಯಣರು ಕಟ್ಟಿದ್ದ ಸಿಟಿಜನ್ಸ್ ಫಾರ್ ಡೆಮಾಕ್ರಸಿ ಸಂಘಟನೆ ನಿವೃತ್ತ ನ್ಯಾಯಮೂರ್ತಿ ನಾಥ್ವಾನಿ ಅವರ ಆಯೋಗವನ್ನು ನೇಮಿಸಿತು. ಆಯೋಗ 1979ರಲ್ಲಿ ವರದಿ ಕೊಟ್ಟು, ಸುಧಾರಣಾವಾದಿಗಳಿಗೆ ಕಿರುಕುಳ ಆಗುತ್ತಿರುವುದು ನಿಜ ಎಂದಿತು. ಅಸ್ಗರ್ ಅಲಿಯವರ ಮೇಲೆ ಹಲ್ಲೆಗಳೂ ನಡೆದವು. 2000ದ ಫೆಬ್ರುವರಿಯಲ್ಲಿ ಭೋಪಾಲದಿಂದ ಮುಂಬೈಗೆ ಬಂದಿಳಿದಾಗ ವಿಮಾನ ನಿಲ್ದಾಣದಲ್ಲೇ ಹೊಡೆದರು, ಅದೇ ದಿನ ಸಾಂತಾಕ್ರೂಜಿನ ಅವರ ಮನೆಗೆ, ಕಚೇರಿಗೆ ನುಗ್ಗಿ ಧ್ವಂಸ ಮಾಡಿದರು. ಆಗ ಅವರಿಗೆ 60 ದಾಟಿತ್ತು. ಪ್ರಶ್ನೆ ಕೇಳಿದರೆ ಏನು ಬೆಲೆ ತೆರಬೇಕಾಗುತ್ತದೆ ಎಂಬುದು ನಮ್ಮೂರಿಗೂ ತಿಳಿಯದ್ದಲ್ಲ. 1980ರ ಜುಲೈ 21ರಂದು ನೀರಿನ ಕರದ ವಿರುದ್ಧ ಎದ್ದ ರೈತರ ಮೇಲೆ ನರಗುಂದದಲ್ಲಿ ಗೋಲಿಬಾರ್ ಆದಾಗ ಪ್ರಾಣ ಕೊಟ್ಟ ಈರಪ್ಪ ಕಡ್ಲಿಕೊಪ್ಪ ಚಿಕ್ಕನರಗುಂದದವರೇ.

ಆದರೆ ಅಸ್ಗರ್ ಅಲಿಯವರನ್ನು ಬೊಹ್ರಾ ಜಗಳದ ಮುಖಂಡರೆಂದು ಮಾತ್ರ ನೆನೆದರೆ ಅವರ ಮುಖ್ಯ ಕೆಲಸವೇ ಬಿಟ್ಟುಹೋಗುತ್ತದೆ. ಕುರಾನನ್ನು ಅವರು ಓದಿದ ರೀತಿಯಲ್ಲಿ ಆ ಕೆಲಸವಿದೆ. 1980ರಲ್ಲಿ ಮುಂಬೈಯಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಇಸ್ಲಾಮಿಕ್ ಸ್ಟಡೀಸ್ ಸ್ಥಾಪಿಸಿ ಮುಂದಿನ ಮೂರು ದಶಕ ಇದನ್ನೇ ಮಾಡಿದರು. ಅವರ ವಾದ ಹೀಗಿದೆ: ಕುರಾನ್ ದೇವರ ವಾಣಿ, ಅದರಲ್ಲಿ ಎರಡು ಮಾತಿಲ್ಲ. ಶರೀಯತ್ ಎಂದು ನಾವು ಕರೆಯುವ ಕಾನೂನು ಆ ವಾಣಿಯನ್ನು ತಮ್ಮ ಕಾಲಕ್ಕೆ, ತಮ್ಮ ದೇಶಕ್ಕೆ ತಕ್ಕಂತೆ ಅರ್ಥಮಾಡಿಕೊಂಡ ಪಂಡಿತರು ಶತಮಾನಗಳ ಕಾಲ ಕೂತು ಕಟ್ಟಿದ್ದು. ಕಟ್ಟಿದವರು ಮನುಷ್ಯರು, ಅದರಲ್ಲೂ ಗಂಡಸರು. ಹಾಗಾಗಿ ಅದನ್ನು ಮತ್ತೆ ವಿಚಾರಿಸುವ ಹಕ್ಕು ನಂತರದವರಿಗೂ ಇದೆ. ಕುರಾನಿನಲ್ಲಿಯೂ ಎಲ್ಲ ಕಾಲಕ್ಕೆ ಸಲ್ಲುವ ಮೌಲ್ಯದ ಮಾತುಗಳಿವೆ, ಏಳನೆಯ ಶತಮಾನದ ಅರೇಬಿಯದ ಒಂದು ಸಂದರ್ಭಕ್ಕೆ ಹೇಳಿದ ಮಾತುಗಳೂ ಇವೆ. ಎರಡರ ನಡುವೆ ಗೊಂದಲ ಬಂದಾಗ ಮೌಲ್ಯವೇ ದೊಡ್ಡದು. ಆ ಮೌಲ್ಯಗಳು ನಾಲ್ಕು ಎನ್ನುತ್ತಿದ್ದರು: ಅದ್ಲ್, ಇಹ್ಸಾನ್, ರಹಮತ್, ಹಿಕ್ಮತ್. ನ್ಯಾಯ, ಉಪಕಾರ, ಕರುಣೆ, ವಿವೇಕ.

ಬಹುಪತ್ನಿತ್ವದ ಮಾತನ್ನೇ ತೆಗೆದುಕೊಳ್ಳಿ. ನಾಲ್ಕು ಮದುವೆಗೆ ಕುರಾನ್ ಅಪ್ಪಣೆ ಕೊಟ್ಟಿದೆ ಎಂದು ಹೊಗಳುವವರೂ ಹೇಳುತ್ತಾರೆ, ತೆಗಳುವವರೂ ಹೇಳುತ್ತಾರೆ. ಅಸ್ಗರ್ ಅಲಿ ಆ ವಚನ ಯಾವಾಗ ಬಂತು ಎಂದು ಕೇಳುತ್ತಾರೆ. ಕ್ರಿ.ಶ. 625ರ ಉಹುದ್ ಕಾಳಗದಲ್ಲಿ ಪುಟ್ಟ ಮುಸ್ಲಿಂ ಸಮುದಾಯದ ಸುಮಾರು 70 ಗಂಡಸರು ಸತ್ತರು. ವಿಧವೆಯರು, ತಬ್ಬಲಿಗಳು ಬೀದಿಗೆ ಬೀಳುವ ಹೊತ್ತು. ನಾಲ್ಕನೆಯ ಅಧ್ಯಾಯದ ಮೂರನೆಯ ವಚನ ಶುರುವಾಗುವುದೇ ತಬ್ಬಲಿಗಳಿಗೆ ನ್ಯಾಯ ಸಿಗದೇ ಹೋದೀತೆಂಬ ಆತಂಕದಿಂದ. ಎಲ್ಲ ಹೆಂಡಿರನ್ನೂ ಸಮನಾಗಿ ನೋಡಲಾಗದ ಭಯವಿದ್ದರೆ ಒಬ್ಬಳೇ ಸಾಕು ಎಂಬ ಷರತ್ತೂ ಅಲ್ಲಿಯೇ ಇದೆ. ಅದೇ ಅಧ್ಯಾಯದ 129ನೆಯ ವಚನಕ್ಕೆ ಬಂದರೆ, ನೀವು ಎಷ್ಟೇ ಬಯಸಿದರೂ ಹಾಗೆ ಸಮನಾಗಿ ನೋಡುವುದು ನಿಮ್ಮಿಂದಾಗದು ಎಂಬ ಅರ್ಥದ ಮಾತಿದೆ. ಎರಡನ್ನೂ ಜೋಡಿಸಿ ಓದಿದರೆ ಕುರಾನ್ ಮನುಷ್ಯನನ್ನು ಏಕಪತ್ನಿತ್ವದ ಕಡೆಗೇ ನಡೆಸುತ್ತಿದೆ ಎಂಬುದು ಅವರ ನಿಲುವು. ತಲಾಖಿನ ವಿಷಯದಲ್ಲೂ ಹಾಗೆಯೇ. ಎರಡೂ ಕಡೆಯಿಂದ ಒಬ್ಬೊಬ್ಬ ಹಿರಿಯರು ಕೂತು ರಾಜಿ ಮಾಡಿಸಬೇಕು, ಇದ್ದತ್ ಎಂಬ ಸುಮಾರು ಮೂರು ತಿಂಗಳ ಅವಧಿ ಕಾಯಬೇಕು, ಮನಸ್ಸು ಬದಲಾದರೆ ಕೂಡಿಬಾಳಲು ಬಾಗಿಲು ತೆರೆದಿರಬೇಕು ಎಂದು ಕುರಾನ್ ಹೇಳಿರುವಾಗ ಒಂದೇ ಉಸಿರಿನ ಮೂರು ತಲಾಖ್ ಎಲ್ಲಿಂದ ಬಂತು?

ಇದು ಪುಸ್ತಕದ ವಾದವಾಯಿತು ಎನ್ನಬೇಡಿ. ಹಿಂದೊಮ್ಮೆ ನಮ್ಮ ತಾಲ್ಲೂಕಿನ ಹಳ್ಳಿಯೊಂದರ ನಿಕಾಹ್‌ಗೆ ಹೋಗಿದ್ದೆ. ಪೆಂಡಾಲಿನಲ್ಲಿ ಖಾಜಿಗಳು ದಫ್ತರ ಬಿಚ್ಚಿ, ಮದುಮಗನ ಎದುರು ಕೂತು ಮೆಹರಿನ ಮೊತ್ತವನ್ನು ಗಟ್ಟಿಯಾಗಿ ಓದಿದರು. ಗಂಡು ಹೆಣ್ಣಿಗೆ ಕೊಡಬೇಕಾದ ಹಣ ಅದು. ಒಂದು ಆಡು ಕೊಳ್ಳಲಿಕ್ಕೂ ಸಾಲದಷ್ಟು. ಅದನ್ನೂ ಆಮೇಲೆ ಕೊಡುವುದಾಗಿ ಬರೆಸಿದರು. ಪೆಂಡಾಲಿನ ಹೊರಗೆ ಹೊಸ ಬೈಕು ನಿಂತಿತ್ತು, ಹ್ಯಾಂಡಲ್ಲಿಗೆ ಹೂವಿನ ಹಾರ. ಅದು ಹೆಣ್ಣಿನ ತಂದೆ ಕೊಡಿಸಿದ್ದು. ಅದರ ಮೇಲೆ ಜೋಡೆ ಕಿ ರಖಂ ಎಂಬ ವರದಕ್ಷಿಣೆಯ ಹಣ ಬೇರೆ. ಎರಡು ವರ್ಷದ ಹತ್ತಿ, ಹೆಸರು ಮಾರಿದ ದುಡ್ಡೂ ಸಾಲದೆ ಸೊಸೈಟಿ ಸಾಲ ಮಾಡಿದ್ದೇನೆಂದು ಆ ತಂದೆ ಊಟದ ಪಂಕ್ತಿಯಲ್ಲಿ ಪಕ್ಕದವರಿಗೆ ಹೇಳುತ್ತಿದ್ದರು. ಕುರಾನ್ ಗಂಡಿನ ಮೇಲೆ ಹೊರಿಸಿದ ಕಡ್ಡಾಯ ಹೆಸರಿಗಷ್ಟೇ ಉಳಿದಿದೆ, ಎಲ್ಲಿಯೂ ಹೇಳದ ವರದಕ್ಷಿಣೆ ಕಡ್ಡಾಯವಾಗಿದೆ. ಇದು ಮುಸ್ಲಿಮರೊಬ್ಬರ ರೋಗವಲ್ಲ, ನಮ್ಮ ಎಲ್ಲ ಜಾತಿಗಳೂ ಒಂದರಿಂದ ಒಂದು ಅಂಟಿಸಿಕೊಂಡದ್ದು. ಅಸ್ಗರ್ ಅಲಿಯವರ ಓದಿನ ಬಲ ಗೊತ್ತಾಗುವುದು ಇಂಥ ಕಡೆ. ಆ ಪೆಂಡಾಲಿನಲ್ಲಿ ಸಂವಿಧಾನದ ವಿಧಿ ಹೇಳಿದರೆ ಖಾಜಿಗಳು ಸುಮ್ಮನೆ ಕೇಳಿಸಿಕೊಳ್ಳಬಹುದು. ಅವರ ಕೈಯಲ್ಲಿರುವ ಗ್ರಂಥದ ಮಾತನ್ನೇ ಎತ್ತಿದರೆ ಉತ್ತರ ಕೊಡಲೇಬೇಕಾಗುತ್ತದೆ.

ಶಾಹಬಾನೊ ಪ್ರಕರಣದಲ್ಲಿ ಅವರು ಮಾಡಿದ್ದು ಇದನ್ನೇ. ಇಂದೋರಿನ ಆ ವೃದ್ಧೆಯನ್ನು ವಕೀಲ ಗಂಡ 1978ರಲ್ಲಿ ತಲಾಖ್ ಕೊಟ್ಟು ಬಿಟ್ಟಿದ್ದ. ಮಧ್ಯಪ್ರದೇಶ ಹೈಕೋರ್ಟ್ ತಿಂಗಳಿಗೆ 179 ರೂಪಾಯಿ 20 ಪೈಸೆ ಜೀವನಾಂಶ ನಿಗದಿ ಮಾಡಿತ್ತು. 1985ರ ಏಪ್ರಿಲ್ 23ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಾಗ ದೇಶದಲ್ಲೆಲ್ಲ ಶರೀಯತ್ತಿಗೆ ಕುತ್ತು ಬಂತೆಂದು ಮೆರವಣಿಗೆಗಳು ಹೊರಟವು. ಅಸ್ಗರ್ ಅಲಿ ತೀರ್ಪಿನ ಪರ ನಿಂತರು. ಬಿಟ್ಟ ಹೆಂಡತಿಗೆ ನ್ಯಾಯವಾದ ರೀತಿಯಲ್ಲಿ ಬದುಕಿಗೆ ಆಸರೆ ಒದಗಿಸಬೇಕೆಂದು ಎರಡನೆಯ ಅಧ್ಯಾಯದ 241ನೆಯ ವಚನವೇ ಹೇಳುತ್ತದೆ, ಅದಕ್ಕೆ ಮೂರು ತಿಂಗಳ ಗಡುವು ಹಾಕಿದವರು ಯಾರು ಎಂದು ಕೇಳಿದರು. ಸರ್ಕಾರ ಮೆರವಣಿಗೆಗಳಿಗೆ ಮಣಿದು 1986ರಲ್ಲಿ ಬೇರೆ ಕಾನೂನು ತಂದಿತು. 2001ರಲ್ಲಿ ಡೇನಿಯಲ್ ಲತೀಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಕಾನೂನನ್ನೇ ಹೆಣ್ಣಿಗೆ ಅನುಕೂಲವಾಗುವಂತೆ ಅರ್ಥೈಸಿತು: ಇದ್ದತ್ ಮುಗಿಯುವುದರೊಳಗೆ ಅವಳ ಮುಂದಿನ ಬದುಕಿಗೂ ಸಾಲುವಷ್ಟು ಕೊಡಬೇಕು. 2017ರ ಆಗಸ್ಟ್ 22ರಂದು ಅದೇ ಕೋರ್ಟಿನಲ್ಲಿ ತ್ರಿವಳಿ ತಲಾಖ್ ಬಿದ್ದುಹೋಯಿತು. ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಕುರಿಯನ್ ಜೋಸೆಫ್ ಹಿಡಿದ ದಾರಿ, ಕುರಾನಿಗೆ ವಿರುದ್ಧವಾದದ್ದು ಶರೀಯತ್ತಿನಲ್ಲೂ ನಿಲ್ಲದು ಎಂಬುದು, ಅಸ್ಗರ್ ಅಲಿ ದಶಕಗಳಿಂದ ಬರೆದುಕೊಂಡು ಬಂದದ್ದೇ.

ಈ ದಾರಿಗೆ ಎದುರು ಮಾತೂ ಇದೆ. ಅದು ಹಗುರವಾದದ್ದಲ್ಲ. ಮಹಾರಾಷ್ಟ್ರದ ಹಮೀದ್ ದಳವಾಯಿ 1966ರಲ್ಲಿ ಏಳು ಮಂದಿ ಮುಸ್ಲಿಂ ಹೆಣ್ಣುಮಕ್ಕಳ ಜೊತೆ ಮುಂಬೈ ವಿಧಾನಭವನಕ್ಕೆ ಮೆರವಣಿಗೆ ಹೋದವರು, 1970ರಲ್ಲಿ ಮುಸ್ಲಿಂ ಸತ್ಯಶೋಧಕ ಮಂಡಳ ಕಟ್ಟಿದವರು. ಹೆಣ್ಣಿಗೆ ನ್ಯಾಯ ಕೊಡಲು ಗ್ರಂಥದ ಒಪ್ಪಿಗೆ ಏಕೆ ಬೇಕು, ಸಮಾನ ನಾಗರಿಕಳು ಎಂಬುದೇ ಸಾಲದೇ ಎಂಬ ಕಡೆಯವರು ಅವರು. ವಚನಗಳನ್ನು ಹಿಂದುಮುಂದು ಜೋಡಿಸಿ ನ್ಯಾಯ ತೆಗೆಯಲು ಬರುವುದಾದರೆ, ನಾಳೆ ಇನ್ನೊಬ್ಬ ಪಂಡಿತ ಅದೇ ವಚನಗಳಿಂದ ಅನ್ಯಾಯ ತೆಗೆಯಲಾರನೇ? ತತ್ವದ ಮಟ್ಟದಲ್ಲಿ ದಳವಾಯಿಯವರ ಮಾತು ನನಗೆ ಒಪ್ಪಿಗೆ. ಆದರೂ ಹಳ್ಳಿಯಲ್ಲಿ ಬದುಕುವವನಾಗಿ ಅಸ್ಗರ್ ಅಲಿಯವರ ದಾರಿ ದೂರ ಸಾಗುತ್ತದೆ ಎಂದೇ ನನ್ನ ಅನಿಸಿಕೆ. ದಿನಕ್ಕೆ ಐದು ಹೊತ್ತು ನಮಾಜು ಮಾಡುವ ತಾಯಿಗೆ ನಿನ್ನ ನಂಬಿಕೆಯೂ ನಿನ್ನ ಹಕ್ಕೂ ಎರಡೂ ನಿನ್ನವೇ ಎಂದು ಹೇಳುವ ಮನುಷ್ಯ ಬೇಕು. ಒಂದನ್ನು ಬಿಟ್ಟು ಒಂದನ್ನು ಹಿಡಿ ಎಂದರೆ ಆಕೆ ಯಾವುದನ್ನು ಬಿಡುತ್ತಾಳೆಂದು ನಮಗೆಲ್ಲ ಗೊತ್ತಿದೆ.

ಕರ್ನಾಟಕದಲ್ಲಿ ಇದೇ ಕೆಲಸವನ್ನು ಹೆಣ್ಣುಮಕ್ಕಳು ಕಥೆ, ಕಾದಂಬರಿಗಳಲ್ಲಿ ಮಾಡಿದರು. ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ತಮ್ಮ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯಲ್ಲಿ ತಲಾಖ್ ಎಂಬುದು ನಾದಿರಾ ಎಂಬ ಹುಡುಗಿಯ ಬದುಕನ್ನು ಹೇಗೆ ಹಿಂಡುತ್ತದೆಂದು ತೋರಿಸಿದರು. ಧರ್ಮಗ್ರಂಥ ಕೊಟ್ಟದ್ದನ್ನು ಗಂಡಸರು ಕಸಿದುಕೊಂಡರು ಎಂಬ ಅವರ ಸಿಟ್ಟು ಅಸ್ಗರ್ ಅಲಿಯವರ ಸಿಟ್ಟಿಗೆ ಬಹಳ ಹತ್ತಿರದ್ದು. ಹಾಸನದ ಕಥೆಗಾರ್ತಿ ಬಾನು ಮುಷ್ತಾಕ್ ಮಸೀದಿಯಲ್ಲಿ ನಮಾಜು ಮಾಡುವ ಹಕ್ಕು ಹೆಣ್ಣಿಗೂ ಇದೆ ಎಂದದ್ದಕ್ಕೆ ಅವರ ಕುಟುಂಬ ತಿಂಗಳುಗಟ್ಟಲೆ ಬಹಿಷ್ಕಾರ ಅನುಭವಿಸಿತು, ಅವರ ಮೇಲೆ ಚಾಕು ಎತ್ತಿದವರೂ ಇದ್ದರು. ಅದೂ 2000ದಲ್ಲೇ, ಮುಂಬೈಯಲ್ಲಿ ಅಸ್ಗರ್ ಅಲಿಯವರ ಮನೆ ಪುಡಿಯಾದ ವರ್ಷದಲ್ಲೇ. 2025ರಲ್ಲಿ ಬಾನು ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಅವರ ಮನೆಯ ಬಾಗಿಲಿಗೆ ಯಾರೂ ಬರದಿದ್ದ ಆ ತಿಂಗಳುಗಳಲ್ಲಿ ನಾವು ಎಲ್ಲಿದ್ದೆವು? ಸುಧಾರಕರು ಯಾಕೆ ಹುಟ್ಟಲಿಲ್ಲ ಎಂದು ಕೇಳುವ ನಾವು, ಹುಟ್ಟಿದವರು ಒಬ್ಬರೇ ನಿಂತಾಗ ಅದು ಅವರ ಒಳಗಿನ ವಿಷಯ ಎಂದು ದೂರ ಉಳಿಯುತ್ತೇವೆ. ನನಗೆ ಇದರಲ್ಲಿ ಬಹಳ ನೋವಿದೆ.

ದೂರ ಉಳಿಯಲು ಇನ್ನೊಂದು ಕಾರಣವನ್ನೂ ಹೇಳಬೇಕು. ಸುಧಾರಕನ ಮಾತನ್ನು ಸಮುದಾಯವನ್ನು ಹೀಯಾಳಿಸಲು ಬಳಸುವವರು ಕಾದು ಕೂತಿರುತ್ತಾರೆ. ಅಸ್ಗರ್ ಅಲಿ ಆ ಗುಂಪಿಗೆ ಒಂದು ದಿನವೂ ಸಿಗಲಿಲ್ಲ. 1961ರಲ್ಲಿ ಜಬಲ್ಪುರದ ಗಲಭೆ ನಡೆದಾಗ ಅವರು ಮಧ್ಯಪ್ರದೇಶದಲ್ಲಿ ಓದುತ್ತಿದ್ದ ಹುಡುಗ. ಆ ಸುದ್ದಿ ಅವರನ್ನು ಜೀವಮಾನವಿಡೀ ಬಿಡಲಿಲ್ಲ. ಮುಂದೆ ಗಲಭೆಯಾದ ಊರುಗಳಿಗೆ ತಾವೇ ಹೋಗಿ, ಮೊದಲ ಕಲ್ಲು ಎಲ್ಲಿಂದ ಬಂತು, ಸುಟ್ಟ ಅಂಗಡಿಗಳು ಯಾರ ಕಸುಬಿನವು, ಹತ್ತಿರದಲ್ಲಿ ಚುನಾವಣೆ ಇತ್ತೇ, ಪೊಲೀಸರು ಎಷ್ಟು ಹೊತ್ತಿಗೆ ಬಂದರು ಎಂದು ವಿಚಾರಿಸಿ ಬರೆಯುವುದು ಅವರ ಕ್ರಮವಾಯಿತು. ಬಿಹಾರ್ ಶರೀಫ್, ಭಿವಂಡಿ, ಮೀರತ್, ಭಾಗಲ್ಪುರ, ಮುಂಬೈ, ಗುಜರಾತ್, ಎಲ್ಲದರ ಬಗ್ಗೆಯೂ ಬರೆದರು. ಗಲಭೆಗೆ ಕಾರಣ ಧರ್ಮವಲ್ಲ, ಅಧಿಕಾರ ಮತ್ತು ಹಣದ ಹಿತಾಸಕ್ತಿಗಳು ಧರ್ಮವನ್ನು ಬಳಸಿಕೊಳ್ಳುತ್ತವೆ ಎಂಬುದು ಅವರು ಕಂಡುಕೊಂಡದ್ದು. 1993ರಲ್ಲಿ, ಬಾಬರಿ ಮಸೀದಿ ಬಿದ್ದ ಮರುವರ್ಷ, ಈ ಕೆಲಸಕ್ಕಾಗಿಯೇ ಸೆಂಟರ್ ಫಾರ್ ಸ್ಟಡಿ ಆಫ್ ಸೊಸೈಟಿ ಅಂಡ್ ಸೆಕ್ಯುಲರಿಸಂ ಸ್ಥಾಪಿಸಿದರು. ಪೊಲೀಸರಿಗೆ ತರಬೇತಿ ಕೊಟ್ಟರು, ಕಾಲೇಜು ಹುಡುಗರ ಜೊತೆ ಶಿಬಿರಗಳಲ್ಲಿ ಕೂತರು. ಮೌಲ್ವಿಗಳಿಗೆ ಅವರು ಧರ್ಮದ್ರೋಹಿ, ಕೋಮುವಾದಿಗಳಿಗೆ ಮುಸ್ಲಿಮರ ವಕೀಲ. ಎರಡೂ ಕಡೆಯಿಂದ ಏಟು ತಿಂದ ಮನುಷ್ಯನ ಮಾತಿನಲ್ಲಿ ಕಹಿ ಇರಲಿಲ್ಲ ಎಂಬುದೇ ಅವರ ಬರಹಗಳನ್ನು ಓದುವಾಗ ನನ್ನನ್ನು ಹಿಡಿದು ನಿಲ್ಲಿಸುತ್ತದೆ.

1997ರಲ್ಲಿ ಅವರಿಗೆ ರಾಷ್ಟ್ರೀಯ ಕೋಮು ಸೌಹಾರ್ದ ಪ್ರಶಸ್ತಿ ಬಂತು. ಕೆಲವು ವರ್ಷಗಳ ನಂತರ ಅದೇ ಪ್ರಶಸ್ತಿ ನಮ್ಮ ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳಿಗೂ ಬಂತು ಎಂದು ನೆನೆದರೆ ಮುಂಬೈ ಅಷ್ಟು ದೂರ ಅನ್ನಿಸುವುದಿಲ್ಲ. 2004ರಲ್ಲಿ ಪರ್ಯಾಯ ನೊಬೆಲ್ ಎಂದು ಕರೆಯುವ ರೈಟ್ ಲೈವ್ಲಿಹುಡ್ ಪ್ರಶಸ್ತಿಯನ್ನು ಸ್ವಾಮಿ ಅಗ್ನಿವೇಶರ ಜೊತೆ ಹಂಚಿಕೊಂಡರು. ಕಾವಿ ತೊಟ್ಟ ಆರ್ಯಸಮಾಜಿ ಒಬ್ಬರು, ಕುರಾನ್ ಪಂಡಿತ ಇನ್ನೊಬ್ಬರು.

ಇನ್ನು ಆ ಬಹಿಷ್ಕಾರದ ಕಾನೂನಿನ ಕಥೆ. ಸ್ವಾತಂತ್ರ್ಯ ಬಂದ ಹೊಸದರಲ್ಲೇ, 1949ರಲ್ಲಿ, ಬಾಂಬೆ ಪ್ರಾಂತ ಬಹಿಷ್ಕಾರ ತಡೆ ಕಾಯ್ದೆ ಮಾಡಿತ್ತು. ಆಗ ನಮ್ಮ ಧಾರವಾಡ ಜಿಲ್ಲೆಯೂ ಅದೇ ಪ್ರಾಂತದಲ್ಲಿತ್ತು. ಆಗಿನ ಸಯ್ಯದ್ನಾ ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. 1962ರಲ್ಲಿ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು, ಧಾರ್ಮಿಕ ಕಾರಣಕ್ಕೆ ಬಹಿಷ್ಕರಿಸುವುದು ಗುರುವಿನ ಹಕ್ಕು ಎಂದು ಕಾಯ್ದೆಯನ್ನು ರದ್ದು ಮಾಡಿದರು. ಒಪ್ಪದೆ ಬೇರೆ ತೀರ್ಪು ಬರೆದವರು ಮುಖ್ಯ ನ್ಯಾಯಮೂರ್ತಿ ಬಿ.ಪಿ. ಸಿನ್ಹಾ ಒಬ್ಬರೇ. ಈ ತೀರ್ಪನ್ನು ಮರುಪರಿಶೀಲಿಸಿ ಎಂದು ಸುಧಾರಣಾವಾದಿಗಳ ಸೆಂಟ್ರಲ್ ಬೋರ್ಡ್ ಆಫ್ ದಾವೂದಿ ಬೊಹ್ರಾ ಕಮ್ಯುನಿಟಿ 1986ರಲ್ಲಿ ಅರ್ಜಿ ಹಾಕಿತು. ಅಸ್ಗರ್ ಅಲಿ ಅದರ ಮುಂಚೂಣಿಯಲ್ಲಿದ್ದವರು. 2013ರ ಮೇ 14ರಂದು ಮುಂಬೈಯಲ್ಲಿ ಅವರು ತೀರಿಕೊಂಡಾಗಲೂ ಅರ್ಜಿ ಇತ್ಯರ್ಥವಾಗಿರಲಿಲ್ಲ. 2023ರ ಫೆಬ್ರುವರಿಯಲ್ಲಿ ಐವರ ಪೀಠ ಅದನ್ನು ಕೈಗೆತ್ತಿಕೊಂಡು, ಶಬರಿಮಲೆಯ ಪ್ರಶ್ನೆಗಳ ಜೊತೆ ಒಂಬತ್ತು ನ್ಯಾಯಮೂರ್ತಿಗಳ ಪೀಠವೇ ಇದನ್ನೂ ನೋಡಲಿ ಎಂದು ಕಳಿಸಿತು. ಅರ್ಜಿ ಹಾಕಿ ಆಗ 37 ವರ್ಷವಾಗಿತ್ತು.